ಅಪ್‌ಡೇಟ್: ಮಲ್ಪೆಯ ಹಳೇ ಅಂಬಾಸಿಡರ್ ಫೋಟೊ

ಮಲ್ಪೆ ಹತ್ತಿರ ಬಳ್ಳಿ ಹಬ್ಬಿ ನಿಂತಿರುವ ಅಂಬಾಸಿಡರ್ ಕಾರಿನ ಫೋಟೊ ಸಪ್ಪೆಯಾಗಿ ಬರುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೆನಲ್ಲ? ನೀವು ಹೇಳಿದ ಹಾಗೆ ಸೋವಿಯತ್ ಕಾಲದ ಹೀಲಿಯೋಸ್ 44-2 ಲೆನ್ಸನ್ನು ಅಡಾಪ್ಟರ್ ಹಾಕಿ ಬಳಸಿದೆ. ಎಫ್/2ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಪೂರ್ತಿ ತೆರೆದಾಗ, ಹಿಂದಿನ ಎಲೆಗಳೆಲ್ಲ ಸುಳಿ ಸುತ್ತಿದಂತೆ ಬಂದವು. ಆದರೆ ಎಲೆಗಳು ಕಾರಿಗೆ ಅಂಟಿಕೊಂಡಿರುವ ಕಡೆ ಸುಳಿ ಕಾಣುವುದಿಲ್ಲ, ಹಿಂದೆ ಜಾಗ ಬೇಕು.

ನಿಜವಾಗಿ ಜಾಸ್ತಿ ಉಪಯೋಗವಾಗಿದ್ದು ಪೋಲರೈಸರ್, ಅಂದರೆ ಪ್ರತಿಫಲನದ ಹೊಳಪು ತಗ್ಗಿಸುವ ಫಿಲ್ಟರ್. ಮಳೆ ನಿಂತ ಕೂಡಲೇ ತೆಗೆದೆ. ಒದ್ದೆ ಬಾನೆಟ್ಟಿನ ಹೊಳಪು ಹೋಗಿ ತುಕ್ಕಿನ ಬಣ್ಣ ಎದ್ದು ಬಂತು. ಕ್ರೋಮ್ ಬಂಪರ್ ಮೇಲೆ ಮಾತ್ರ ಅದರ ಆಟ ನಡೆಯಲಿಲ್ಲ, ಲೋಹದ ಹೊಳಪು ಅಲ್ವಾ.

ಕತ್ತಲೆಯ ಸೀಟಿಗಷ್ಟೇ, ಬೆಳಕು ಹೆಚ್ಚು-ಕಡಿಮೆ ಮಾಡಿ ತೆಗೆದ ಮೂರು ಎಕ್ಸ್‌ಪೋಷರ್ ಸೇರಿಸಿದೆ. ಎಡಿಟಿಂಗ್‌ನಲ್ಲಿ ಹಸಿರು ಇಳಿಸಿದೆ, ಕಿತ್ತಳೆ ಸ್ವಲ್ಪ ಏರಿಸಿದೆ. ಕಪ್ಪು-ಬಿಳುಪು ಮಾಡಿ ಅಂದವರೇ, ಮಾಡಿ ನೋಡಿದೆ. ತುಕ್ಕೇ ಮಾಯ! ಬೇಡ.