ಪದಚರ್ಚೆ: ಫಿಲ್ ಹೊಲಿಗೆಯ ‘ಡೆನ್ಸಿಟಿ’ಗೆ ‘ಸಾಂದ್ರತೆ’ ಅಂದರೆ ಸರಿಹೋಗುತ್ತದೆಯೇ?

ಮುಂಬೈಯ ಧಾರಾವಿಯಲ್ಲಿ ನಮ್ಮದೊಂದು ಸಣ್ಣ ಎಂಬ್ರಾಯ್ಡರಿ ಘಟಕ. ಕಂಪ್ಯೂಟರಿನಲ್ಲಿ ಡಿಸೈನ್ ಪಂಚಿಂಗ್, ಅಂದರೆ ಚಿತ್ರವನ್ನು ಯಂತ್ರಕ್ಕೆ ತಿಳಿಯುವ ಹೊಲಿಗೆಗಳಾಗಿ ಬದಲಿಸುವುದು, ನನ್ನ ಪಾಲಿನ ಕೆಲಸ. ಹಾವೇರಿ ಕಡೆಯಿಂದ ಬಂದ ಹುಡುಗನಿಗೆ ಕಲಿಸಲೆಂದು ನಾಲ್ಕು ಹಾಳೆ ಕನ್ನಡ ಟಿಪ್ಪಣಿ ಬರೆದುಕೊಟ್ಟೆ. ಫಿಲ್ ಅಂದರೆ ಆಕಾರದ ಒಳಗನ್ನು ಸಾಲುಸಾಲು ದಾರದಿಂದ ತುಂಬುವ ಹೊಲಿಗೆ; ಆ ಸಾಲುಗಳು ಎಷ್ಟು ಒತ್ತಾಗಿವೆ ಎಂಬುದು ಡೆನ್ಸಿಟಿ. ಟಿಪ್ಪಣಿಯಲ್ಲಿ ಅದಕ್ಕೆ ‘ಸಾಂದ್ರತೆ’ ಎಂದದ್ದೇ ಎಡವಟ್ಟಾಯಿತು.

ರವಿಕೆಯ ತೋಳಿಗೆ ಒಂದು ಮಾವಿನಕಾಯಿ. ದಾರದ ನಡುವೆ ಬಟ್ಟೆ ಇಣುಕುತ್ತಿತ್ತು. ಯಂತ್ರದ ಸದ್ದಿನಲ್ಲಿ ‘ಸಾಂದ್ರತೆ ಸ್ವಲ್ಪ ಏರಿಸೋ’ ಎಂದು ಕೂಗಿದೆ. ಅವನು 0.40 ಇದ್ದದ್ದನ್ನು 0.55 ಮಾಡಿ ಕೂತ. ಬೈದರೆ, ‘ನೀವ ಏರಸು ಅಂದ್ರಲ್ರೀ!’ ಅವನದೇನು ತಪ್ಪು? ನಾವು ಬಳಸುವ ವಿಲ್ಕಾಂ ತಂತ್ರಾಂಶದಲ್ಲಿ ಆ ಅಂಕಿ ಸಾಲುಗಳ ನಡುವಿನ ಅಂತರ, ಮಿಲಿಮೀಟರ್ ಲೆಕ್ಕ. ಏರಿದರೆ ಹೊಲಿಗೆ ವಿರಳ, ಇಳಿದರೆ ದಟ್ಟ. ಮಾಮೂಲಿ 40ನೇ ನಂಬರಿನ ದಾರಕ್ಕೆ 0.40ರ ಆಸುಪಾಸು ಸಾಕು. 0.25ಕ್ಕೆ ಇಳಿಸಿದಿರೋ, ದಾರ ತುಂಡಾಗುತ್ತದೆ, ಬಟ್ಟೆ ಹಪ್ಪಳದ ಹಾಗೆ ಸೆಟೆಯುತ್ತದೆ. ಬ್ರದರ್‌ನವರ ಪಿಇ-ಡಿಸೈನ್‌ನಲ್ಲಿ ಲೆಕ್ಕವೇ ತಿರುವುಮುರುವು: ಮಿಲಿಮೀಟರಿಗೆ ಎಷ್ಟು ಸಾಲು ಎಂದು. ಅಲ್ಲಿ 4.5 ಇದ್ದದ್ದು 5 ಆದರೆ ದಟ್ಟ. ಅಲ್ಲಿಗೆ ‘ಸಾಂದ್ರತೆ’ ಒಪ್ಪುತ್ತದೆ, ನಮ್ಮಲ್ಲಿಗೆ ಒಪ್ಪುವುದಿಲ್ಲ.

ನನಗೆ ಹೊಳೆದದ್ದು ‘ಸಂದು’. ‘ಸಂದು 0.40 ಇಡು’, ‘ಸಂದು ಕಿರಿದು ಮಾಡು’ ಅಂದರೆ ಅಂಕಿಯೂ ಮಾತೂ ಒಂದೇ ಕಡೆ ಹೋಗುತ್ತವೆ. ನಮ್ಮ ಮನೆಯವರು ಮಾತ್ರ ಸಂದು ಅಂದರೆ ಗಲ್ಲಿ, ಧಾರಾವಿಯಲ್ಲಿ ಕೂತು ಆ ಪದ ಬೇಡ ಎನ್ನುತ್ತಾರೆ.

ಫಿಲ್‌ಗೆ ಇಲ್ಲಿನ ಕಾರಿಗರರು ‘ಭರಾಯಿ’ ಅನ್ನುತ್ತಾರೆ. ಮರಾಠಿಯಲ್ಲಂತೂ ಎಂಬ್ರಾಯ್ಡರಿಯ ಹೆಸರೇ ‘ಭರತಕಾಮ’. ಭರಣೆ ಅಂದರೆ ತುಂಬುವುದು. ನಾವೂ ‘ತುಂಬುಹೊಲಿಗೆ’ ಅನ್ನಬಹುದು. ಗೆಳೆಯರೊಬ್ಬರು, ಧಾರವಾಡ ಕಸೂತಿಯ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ಹೊಲಿಗೆಗಳಲ್ಲಿ ನೇಗಿಯನ್ನೇ ಇಲ್ಲಿಗೆ ಎಳೆದುತರಬಾರದೇಕೆ ಎಂದರು. ನೇಗಿ ನೇಯ್ಗೆಯಂತೆ ಕಾಣುತ್ತದೆ, ತಂತ್ರಾಂಶದಲ್ಲಿ ಫಿಲ್ ಹೊಲಿಗೆಗಿರುವ ‘ತತಾಮಿ’ಯೂ ಜಪಾನೀ ಚಾಪೆಯ ಹೆಸರು, ನಿಜ. ಆದರೂ ನನಗೆ ಮನಸ್ಸಿಲ್ಲ. ನೇಗಿಯನ್ನು ಬಟ್ಟೆಯ ಎಳೆ ಎಣಿಸಿ ಕೈಯಲ್ಲಿ ಹಾಕುತ್ತಾರೆ; ಯಂತ್ರದ ಫಿಲ್ ಹೊಲಿಗೆಗೆ ಎಳೆಯ ಗೊಡವೆಯೇ ಇಲ್ಲ, ಮೇಲಿಂದ ಮುಚ್ಚಿಬಿಡುತ್ತದೆ.

ಫಿಲ್ ಹಾಕುವ ಮೊದಲು ಅದರ ಕೆಳಗೆ ಹೊಲಿಯುವ ಅಂಡರ್‌ಲೇಗೆ ‘ಅಡಿಹೊಲಿಗೆ’ ಎಂದು ಹುಡುಗನ ಬಾಯಲ್ಲೇ ಬಂತು. ಅದರ ಚರ್ಚೆ ಬೇಡ.

ಬಗೆಹರಿಯದೆ ಉಳಿದದ್ದು ‘ಪುಲ್ ಕಾಂಪನ್ಸೇಷನ್’. ಫಿಲ್ ಹೊಲಿಗೆ ದಾರ ಓಡುವ ದಿಕ್ಕಿಗೆ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪರದೆಯ ಮೇಲೆ ದುಂಡಗಿದ್ದ ಬೊಟ್ಟು ಬಟ್ಟೆಗೆ ಬರುವಾಗ ಮೊಟ್ಟೆಯಾಗಿರುತ್ತದೆ. ಅದಕ್ಕೆ ಮೊದಲೇ ಆ ದಿಕ್ಕಿಗೆ 0.2, 0.3 ಮಿ.ಮೀ. ಹೆಚ್ಚಿಗೆ ಬಿಡುತ್ತೇವೆ. ‘ಸೆಳೆತ ಪರಿಹಾರ’ ಎಂದು ಬರೆದು ನೋಡಿದೆ. ನೆರೆ ಬಂದವರಿಗೆ ಸರಕಾರ ಕೊಡುವ ದುಡ್ಡಿನ ಹಾಗೆ ಕೇಳಿಸಿತು, ಹೊಡೆದುಹಾಕಿದೆ. ಒಗೆದರೆ ಕುಗ್ಗುತ್ತದೆಂದು ದರ್ಜಿಗಳು ಮೊದಲೇ ಬಿಟ್ಟುಕೊಳ್ಳುವ ಅಳತೆಗೆ ನಿಮ್ಮ ಕಡೆ ಏನನ್ನುತ್ತಾರೆ?