ಚಾಪ್ಲಿನ್ನನಿಗೆ ಕೈಮುಗಿಯುವುದು ಎಲ್ಲಿ?

(ವಾಟ್ಸಾಪ್ ಗುಂಪು: ವಾಡೆಯ ಮಂದಿ)

ನಾನು: ಅಜ್ಜನ ಚಾರ್ಲಿ ಚಾಪ್ಲಿನ್ ಹುಚ್ಚನ್ನು ಕಂಡವರೆಲ್ಲ ಮೇಲಿನ ಜಾಹೀರಾತನ್ನು ನೋಡಿರಿ. ಏಪ್ರಿಲ್ 16ರ ಜನ್ಮದಿನಕ್ಕೆ ಅಭಿಮಾನಿಗಳ ತಂಡವೊಂದು ಸ್ವಿಟ್ಜರ್ಲೆಂಡಿನ ವೆವೆ ಊರಿಗೆ ಏಳು ದಿನಗಳ ಪ್ರವಾಸ ಹೊರಟಿದೆ. ಕಾಕಾ, ಅತ್ತಿ, ಪುಟ್ಟ ಮತ್ತು ನಾನು ಸೇರಿಕೊಳ್ಳಬಹುದೇ?

ಧಾರವಾಡ ಕಾಕಾ: ಜಾಹೀರಾತಿನ ಮೊದಲ ಸಾಲೇ ತಪ್ಪಾಗಿದೆ. ವೆವೆಯನ್ನು ಚಾಪ್ಲಿನ್ನನ ಹುಟ್ಟೂರು ಎಂದು ಅಚ್ಚು ಹಾಕಿದವರ ಕೈಗೆ ಲಕ್ಷಗಟ್ಟಲೆ ಹಣ ಕೊಡುವುದು ಹೇಗೆ? ಆತ ಬೆಳೆದದ್ದು ದಕ್ಷಿಣ ಲಂಡನ್ನಿನ ಬಡಕೇರಿಗಳಲ್ಲಿ. ತಾಯಿಗೆ ಸಂಸಾರ ತೂಗಿಸಲಾಗದೆ ಹೋದಾಗ ಏಳು ವರ್ಷದ ಹುಡುಗ ಅಣ್ಣ ಸಿಡ್ನಿಯೊಡನೆ ಲ್ಯಾಂಬೆತ್‌ನ ವರ್ಕ್‌ಹೌಸ್ ಸೇರಿದ. ಗತಿಯಿಲ್ಲದವರನ್ನು ದುಡಿಸಿಕೊಂಡು ಗಂಜಿ ಹಾಕುತ್ತಿದ್ದ ಆ ಕಟ್ಟಡದಲ್ಲಿ ಇಂದು ಸಿನಿಮಾ ಮ್ಯೂಸಿಯಂ ಇದೆ. ಅಪ್ಪ ಧಾರವಾಡದಿಂದ ಹುಬ್ಬಳ್ಳಿಯ ಥೇಟರಿಗೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದದ್ದು ಹರಕು ಬೂಟಿನ ಅಲೆಮಾರಿಯನ್ನು ನೋಡಲಿಕ್ಕೇ ಹೊರತು ವೆವೆಯ ಬಳಿಯ, ಸರೋವರ ಕಾಣುವ ಬಂಗಲೆಯ ಯಜಮಾನನನ್ನಲ್ಲ. ಹೋಗುವುದಾದರೆ ಲಂಡನ್ನಿಗೆ ಹೋಗೋಣ.

ಪುಟ್ಟ: ಹುಟ್ಟೂರಿನ ತಪ್ಪನ್ನು ಒಪ್ಪುತ್ತೇನೆ ಕಾಕಾ. ಆದರೆ ಆ ಬಂಗಲೆಯಲ್ಲಿ ಬರೀ ಸಿರಿವಂತಿಕೆಯನ್ನು ಕಾಣುವುದು ಅನ್ಯಾಯ. 1952ರಲ್ಲಿ ‘ಲೈಮ್‌ಲೈಟ್’ ಚಿತ್ರದ ಮೊದಲ ಪ್ರದರ್ಶನಕ್ಕೆಂದು ಲಂಡನ್ನಿಗೆ ಹಡಗು ಹತ್ತಿದವನ ಮರುಪ್ರವೇಶದ ಪರವಾನಗಿಯನ್ನು, ಆತ ಇನ್ನೂ ಸಮುದ್ರದ ನಡುವೆ ಇರುವಾಗಲೇ ಅಮೆರಿಕ ರದ್ದು ಮಾಡಿತು. ನಾಲ್ಕು ದಶಕ ದುಡಿದ ದೇಶ ಹೀಗೆ ಬಾಗಿಲು ಹಾಕಿಕೊಂಡ ಮೇಲೆ, ಮರುವರ್ಷ ಹೆಂಡತಿ ಮಕ್ಕಳೊಂದಿಗೆ ನೆಲೆ ಕಂಡುಕೊಂಡ ಮನೆ ಅದು. 1977ರ ಕ್ರಿಸ್‌ಮಸ್ ದಿನ ತೀರಿಕೊಂಡದ್ದೂ ಅಲ್ಲಿಯೇ. ಸಮಾಧಿ ಇರುವುದು ವೆವೆಗೆ ಹೊಂದಿಕೊಂಡ, ಆ ಮನೆಯೂ ಇರುವ ಕೋರ್ಸಿಯೇ ಗ್ರಾಮದ ಸ್ಮಶಾನದಲ್ಲಿ. ಮುಂದಿನ ಮಾರ್ಚಿನಲ್ಲಿ ಇಬ್ಬರು ಕಳ್ಳರು ಹಣ ಕೀಳುವ ಆಸೆಯಿಂದ ಶವಪೆಟ್ಟಿಗೆಯನ್ನೇ ಹೊತ್ತೊಯ್ದರು. ಮೇ ತಿಂಗಳಲ್ಲಿ ಅದು ಹೊಲವೊಂದರಲ್ಲಿ ಸಿಕ್ಕಿತು. ಸತ್ತ ಮೇಲೂ ಅಲೆದವನನ್ನು ಅಲೆಮಾರಿ ಎನ್ನಲು ನಿಮ್ಮ ಅಭ್ಯಂತರವೇನು?

ಗದಗ ಅತ್ತಿ: ಊಟದ ಹೊತ್ತಿನಲ್ಲಿ ಈ ಶವಪೆಟ್ಟಿಗೆಯ ಸುದ್ದಿ ಬೇಡವಾಗಿತ್ತು.

ನಾನು: ಕಾಕಾ, ನಾವು ಹೊರಟಿರುವುದು ಇತರ ಅಭಿಮಾನಿಗಳ ಜೊತೆಗಿರಲು ಕೂಡ. ಆ ಬಂಗಲೆ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು; ಮರುವರ್ಷದ ಏಪ್ರಿಲಿನಲ್ಲಿ ಅದರ ಅಂಗಳದಲ್ಲಿ 662 ಜನ ಟೊಪ್ಪಿಗೆ, ಬೆತ್ತ, ತುಂಡು ಮೀಸೆಯ ವೇಷದಲ್ಲಿ ಸೇರಿದ್ದರು. ಅಜ್ಜ ಇದ್ದಿದ್ದರೆ ಎಣಿಕೆ 663 ಆಗುತ್ತಿತ್ತು.

ಧಾರವಾಡ ಕಾಕಾ: ಮೀಸೆ ಅಂಟಿಸಿಕೊಂಡರೆ ಗೌರವ ಸಲ್ಲಿಸಿದಂತಾಗುವುದಿಲ್ಲ. ಅದು ಹೋಗಲಿ, ಜಾಹೀರಾತನ್ನು ಕೆಳಗಿನವರೆಗೆ ಓದಿದವರು ಯಾರಾದರೂ ಇದ್ದೀರಾ? ಏಳು ದಿನಗಳಲ್ಲಿ ಚಾಪ್ಲಿನ್ನನ ಪಾಲಿಗೆ ಬಂದದ್ದು ಒಂದು ಮುಂಜಾನೆ: ಸರೋವರದ ದಂಡೆಯ ಕಂಚಿನ ಪ್ರತಿಮೆಯೆದುರು ಫೋಟೊ, ಬಂಗಲೆಯಲ್ಲಿ ಒಂದು ಸುತ್ತು. ಸಮಾಧಿಯ ಹೆಸರೇ ಇಲ್ಲ. ಉಳಿದದ್ದೆಲ್ಲ ಹಿಮದ ಗುಡ್ಡ ಮತ್ತು ಚಾಕೊಲೇಟು.

ಪುಟ್ಟ: ನಾನು ಅಷ್ಟು ಕೆಳಗೆ ಓದಿರಲಿಲ್ಲ. ಹಾಗಾದರೆ ತಂಡವನ್ನು ಬಿಟ್ಟು ನಾವೇ ಹೋಗೋಣ. ಜಿನೀವಾದಿಂದ ವೆವೆಗೆ ರೈಲಿನಲ್ಲಿ ಸುಮಾರು ಒಂದು ತಾಸಿನ ದಾರಿ. 16ರಂದು ಅಲ್ಲಿಗೆ ಬರುವ ಅಭಿಮಾನಿಗಳು ಹೇಗೂ ಸಿಗುತ್ತಾರೆ.

ಧಾರವಾಡ ಕಾಕಾ: ಅದಕ್ಕೆ ಲಂಡನ್ನಿನ ಎರಡು ದಿನಗಳನ್ನು ಸೇರಿಸಿದರೆ ನಾನು ಬರುತ್ತೇನೆ.

ಗದಗ ಅತ್ತಿ: ತಮ್ಮಾ, ಮಗಳ ಬಾಣಂತನಕ್ಕೆ ಜರ್ಮನಿಗೆ ಹೋಗಿ ಬಂದವಳು ಹೇಳುತ್ತೇನೆ, ಕೇಳು. ಸ್ವಿಟ್ಜರ್ಲೆಂಡೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಲಂಡನ್ನಿಗೆ ನಡೆಯುವುದಿಲ್ಲ; ಬ್ರಿಟನ್ನಿನ ವೀಸಾ ಬೇರೆ, ಶುಲ್ಕ ಬೇರೆ. ಷೆಂಗೆನ್ ಒಂದಕ್ಕೇ ತಲೆಗೆ 90 ಯೂರೊ, ಮೇಲೆ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ. ನಾನು ಬೆರಳಚ್ಚು ಕೊಟ್ಟು 59 ತಿಂಗಳು ದಾಟಿಲ್ಲವಾದ್ದರಿಂದ ಅದನ್ನೇ ಬಳಸಬಹುದು. ನೀವು ಮೂವರು ಬೆಂಗಳೂರಿಗೆ ಹೋಗಲೇಬೇಕು. ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು, ಕೊನೆಯ ವಾರಗಳಿಗೆ ಇಟ್ಟುಕೊಳ್ಳಬೇಡಿರಿ. ಷೆಂಗೆನ್ ದೇಶಗಳಿಂದ ಹೊರಟ ಮೇಲೂ ಮೂರು ತಿಂಗಳು ಪಾಸ್‌ಪೋರ್ಟಿನ ಅವಧಿ ಉಳಿದಿರಬೇಕು. ನಿನ್ನದು ಯಾವಾಗ ಮುಗಿಯುತ್ತದೆ?

ಧಾರವಾಡ ಕಾಕಾ: ಮೇ ತಿಂಗಳಲ್ಲಿ.

ಗದಗ ಅತ್ತಿ: ಲಂಡನ್ನಿನ ವಾದವನ್ನು ಆಮೇಲೆ ಮಾಡುವಿಯಂತೆ.

ಧಾರವಾಡ ಕಾಕಾ: ಸೋಮವಾರ ಹುಬ್ಬಳ್ಳಿಯ ಪಾಸ್‌ಪೋರ್ಟ್ ಕಚೇರಿಯಲ್ಲಿ ವಿಚಾರಿಸುತ್ತೇನೆ. ಲಂಡನ್ನಿನ ಮಾತನ್ನು ಮಾತ್ರ ನಾನು ಬಿಟ್ಟಿಲ್ಲ.

ಪುಟ್ಟ: ನಾಲ್ಕು ಟೊಪ್ಪಿಗೆಗಳನ್ನು ತರಿಸಲೇ?

ಧಾರವಾಡ ಕಾಕಾ: ಮೂರು ಸಾಕು. ಅಪ್ಪನ ಕರಿ ಟೊಪ್ಪಿಗೆ ನನ್ನ ಟ್ರಂಕಿನಲ್ಲಿದೆ.