ಮೆಟ್ಟಿಲಿನ ಗ್ರಿಲ್ ಬಾಗಿಲಿಗೆ ಕೀಪ್ಯಾಡ್ ಲಾಕ್: ಬಾಗಿಲು ತೆರೆದಾಗಲೆಲ್ಲ ಕೀಪ್ಯಾಡ್ ರೀಸ್ಟಾರ್ಟ್ ಆಗುತ್ತಿದೆ, ಕರೆಂಟು ಹೋದರೆ ಬೀಗವೇ ಇಲ್ಲದಂತಾಗುತ್ತದೆ

ಕುವೆಂಪುನಗರ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾವಿರುವುದು ಎಂಟು ಮನೆಗಳ ಒಂದು ಚಿಕ್ಕ ಕಟ್ಟಡ, ಕಾವಲುಗಾರರಿಲ್ಲ. ನೆಲಮಹಡಿಯಲ್ಲಿ ಮೆಟ್ಟಿಲಿಗೆ ಕಬ್ಬಿಣದ ಗ್ರಿಲ್ ಬಾಗಿಲಿದ್ದು, ಇದುವರೆಗೆ ಅದಕ್ಕೊಂದು ಸಾಧಾರಣ ಬೀಗ ಹಾಕಿ ಮನೆಗೊಂದು ಕೀಲಿ ಕೊಟ್ಟಿದ್ದೆವು. ಬಾಡಿಗೆಯವರು ಬದಲಾಗುತ್ತ ಹೋದಂತೆ ಆ ಕೀಲಿಯ ನಕಲು ಯಾರು ಯಾರ ಬಳಿ ಉಳಿದಿದೆಯೆಂಬುದೇ ಗೊತ್ತಾಗದ ಸ್ಥಿತಿ ಬಂದಿದ್ದರಿಂದ, ಎಲ್ಲರೂ ಹಣ ಹಾಕಿ ಕೀಪ್ಯಾಡ್ ವ್ಯವಸ್ಥೆಯನ್ನು ತರಿಸಿದ್ದೇವೆ. ಅದರಲ್ಲಿ ಕಾರ್ಡನ್ನೂ ಓದುವ ಒಂದು ಕೀಪ್ಯಾಡ್, 280 ಕಿಲೋ ಹಿಡಿತದ ಮ್ಯಾಗ್ನೆಟಿಕ್ ಲಾಕ್, 12 ವೋಲ್ಟ್ 3 ಆಂಪಿಯರಿನ ಪವರ್ ಸಪ್ಲೈ ಮತ್ತು ಒಳಗಿನಿಂದ ಒತ್ತಿ ಹೊರಬರಲು ಒಂದು ಬಟನ್ ಇವೆ.

ಪವರ್ ಸಪ್ಲೈಯನ್ನು ಮೀಟರ್ ಬೋರ್ಡಿನ ಬಳಿ ಕೂರಿಸಲಾಗಿದೆ. ಅಲ್ಲಿಂದ ಬಾಗಿಲಿಗೆ ಸುಮಾರು 20 ಮೀಟರ್ ದೂರವಿದ್ದು, ಪೈಪಿನಲ್ಲಿ ಮೊದಲೇ ಇದ್ದ ನೆಟ್‌ವರ್ಕ್ ಕೇಬಲ್ಲಿನ ಒಂದು ಜೋಡಿ ತಂತಿಯ ಮೂಲಕವೇ ಕೀಪ್ಯಾಡಿಗೂ ಲಾಕಿಗೂ ಕರೆಂಟು ಕೊಡಲಾಗಿದೆ. ಕೋಡ್ ಒತ್ತಿದರೆ ಬಾಗಿಲು ತೆರೆಯುತ್ತದೆ, ಆದರೆ ತೆರೆದ ಆ ಕ್ಷಣದಲ್ಲೇ ಕೀಪ್ಯಾಡಿನ ದೀಪವೆಲ್ಲ ಆರಿ, ಒಮ್ಮೆ ಬೀಪ್ ಎಂದು, ಹೊಸದಾಗಿ ಆನ್ ಮಾಡಿದಂತೆ ಮತ್ತೆ ಶುರುವಾಗುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿದಾಗ ಸಪ್ಲೈ ಬಳಿ 12.1 ವೋಲ್ಟ್, ಲಾಕಿನ ಬಳಿ 10.6 ವೋಲ್ಟ್ ತೋರಿಸಿತು. ಬಾಗಿಲನ್ನು ಸ್ವಲ್ಪ ಬಲವಾಗಿ ಎಳೆದರೆ ಲಾಕ್ ಬಿಟ್ಟುಕೊಡುತ್ತದೆ. 280 ಕಿಲೋ ಎಂದು ಬರೆದಿರುವುದಕ್ಕೂ ಇದಕ್ಕೂ ತಾಳೆಯೇ ಇಲ್ಲ. ಇನ್ನು ಕರೆಂಟು ಹೋದಾಗಲಂತೂ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ.

ಕೀಪ್ಯಾಡನ್ನೇ ಬದಲಾಯಿಸಬೇಕೆಂದು ಕೆಲವರು ಹೇಳುತ್ತಿದ್ದಾರೆ. ಅದು ಸರಿಯೇ? ಜೊತೆಗೆ, ಎಲ್ಲ ಮನೆಗಳಿಗೂ ಒಂದೇ ಕೋಡ್ ಇಡಬೇಕೇ, ಬೇರೆ ಬೇರೆ ಇಡಬೇಕೇ ಎಂಬುದರ ಬಗ್ಗೆಯೂ ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ವೈರಿಂಗ್ ಕೆಲಸದವ (ಉತ್ತರ)

ಕೀಪ್ಯಾಡ್ ಬದಲಾಯಿಸುವ ಅಗತ್ಯ ಸದ್ಯಕ್ಕೆ ಕಾಣುತ್ತಿಲ್ಲ. ತಾವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ದೋಷಗಳು ಬೆರೆತಿವೆ. ಅವನ್ನು ಬಿಡಿಸಿ ನೋಡಲು ಒಂದು ಸುಲಭ ಉಪಾಯವಿದೆ: ಕೀಪ್ಯಾಡ್ ರೀಸ್ಟಾರ್ಟ್ ಆಗುವುದು ಲಾಕ್ ಬಿಟ್ಟಾಗಲೋ, ಲಾಕ್ ಮತ್ತೆ ಹಿಡಿದಾಗಲೋ ಎಂಬುದನ್ನು ಗಮನಿಸಬೇಕು. ಹಿಡಿದಾಗ ಆಗುತ್ತಿದ್ದರೆ ಸಪ್ಲೈ ದುರ್ಬಲವಾಗಿದೆ ಅಥವಾ ತಂತಿ ಸಣ್ಣದಾಗಿದೆ ಎಂದರ್ಥ, ಏಕೆಂದರೆ ಕರೆಂಟು ಹರಿಯುವಾಗ ಮಾತ್ರ ಹಿಡಿಯುವ ಈ ಲಾಕ್ ಕರೆಂಟು ಎಳೆಯಲು ಆರಂಭಿಸುವುದೇ ಆಗ. ತಮ್ಮಲ್ಲಿ ಆಗುತ್ತಿರುವುದು ಬಿಟ್ಟಾಗ. ಆ ಹೊತ್ತಿನಲ್ಲಿ ಹೊರೆ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಆದ್ದರಿಂದ ಇಲ್ಲಿ ತೊಂದರೆ ಕೊಡುತ್ತಿರುವುದು ಲಾಕಿನೊಳಗಿನ ಸುರುಳಿಯೇ. ಅದರಲ್ಲಿ ಹರಿಯುತ್ತಿದ್ದ ಕರೆಂಟನ್ನು ರಿಲೇ (ಕೀಪ್ಯಾಡಿನೊಳಗೆ ಲಾಕಿನ ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್ಚು) ಥಟ್ಟನೆ ಕಡಿದಾಗ ಸುರುಳಿ ಹಿಮ್ಮುಖವಾಗಿ ಒಂದು ದೊಡ್ಡ ವೋಲ್ಟೇಜ್ ಹೊಡೆತ ಕೊಡುತ್ತದೆ, ಅದೇ ತಂತಿಯಲ್ಲಿರುವ ಕೀಪ್ಯಾಡ್ ಅದನ್ನು ತಾಳಲಾರದೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಹೀಗೇ ಬಿಟ್ಟರೆ ಕೆಲವು ತಿಂಗಳಲ್ಲಿ ರಿಲೇಯ ಸಂಪರ್ಕಗಳು ಸುಟ್ಟು ಅಂಟಿಕೊಳ್ಳುವ ಸಂಭವವೂ ಉಂಟು.

ಇದಕ್ಕೆ ಪರಿಹಾರ 1ಎನ್4007 ಎಂಬ ಡಯೋಡು, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಚಿಕ್ಕ ಬಿಡಿಭಾಗ. ಕೆಲವು ರೂಪಾಯಿಗಳ ವಸ್ತು. ಎಷ್ಟೋ ಸೆಟ್ಟುಗಳ ಪೊಟ್ಟಣದಲ್ಲಿ ಜೊತೆಗೇ ಬಂದಿರುತ್ತದೆ, ಏನೆಂದು ತಿಳಿಯದೆ ಜನ ಎಸೆದುಬಿಡುತ್ತಾರೆ. ಅದನ್ನು ಕೀಪ್ಯಾಡಿನ ಬಳಿ ಅಲ್ಲ, ಲಾಕಿನ ಎರಡು ಟರ್ಮಿನಲ್ಲುಗಳಿಗೇ ಅಡ್ಡಲಾಗಿ ಹಾಕಬೇಕು. ಡಯೋಡಿನ ಒಂದು ತುದಿಯಲ್ಲಿ ಬೂದು ಬಣ್ಣದ ಪಟ್ಟಿಯಿರುತ್ತದೆ. ಆ ತುದಿ ಪ್ಲಸ್ಸಿಗೆ, ಇನ್ನೊಂದು ಮೈನಸ್ಸಿಗೆ. ತಿರುಗುಮುರುಗಾದರೆ ಸಪ್ಲೈ ಶಾರ್ಟ್ ಆಗುತ್ತದೆ, ಆದ್ದರಿಂದ ಕರೆಂಟು ತೆಗೆದೇ ಕೆಲಸ ಮಾಡಿ.

ಇನ್ನು ತಂತಿಯ ಲೆಕ್ಕ. ನೆಟ್‌ವರ್ಕ್ ಕೇಬಲ್ಲಿನ ಒಂದೊಂದು ಎಳೆಯ ರೋಧ ಮೀಟರಿಗೆ ಹೆಚ್ಚುಕಡಿಮೆ 0.07ರಿಂದ 0.08 ಓಮ್. ಹೋಗಿಬರುವ ದಾರಿ 40 ಮೀಟರ್ ಆದ್ದರಿಂದ ಒಟ್ಟು ಸುಮಾರು 3 ಓಮ್. 280 ಕಿಲೋ ಲಾಕ್ ಎಳೆಯುವುದು ಅರ್ಧ ಆಂಪಿಯರಿನಷ್ಟು. ಅಲ್ಲಿಗೆ ದಾರಿಯಲ್ಲೇ ಒಂದೂವರೆ ವೋಲ್ಟ್ ಕಳೆದುಹೋಗುತ್ತದೆ. ತಮ್ಮ ಮೀಟರ್ ತೋರಿಸಿದ ವ್ಯತ್ಯಾಸವೂ ಸರಿಯಾಗಿ ಅಷ್ಟೇ ಇದೆ. ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಲಾಕಿಗೆಂದೇ ಪ್ರತ್ಯೇಕವಾಗಿ ಎಳೆದರೆ ಈ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆಯಾಗುತ್ತದೆ. ಹಳೆಯ ಕೇಬಲ್ಲನ್ನು ಕೀಪ್ಯಾಡಿಗೆ ಮಾತ್ರ ಉಳಿಸಿಕೊಳ್ಳಬಹುದು, ಅದಕ್ಕೆ ಬೇಕಾಗುವ ಕರೆಂಟು ಅತ್ಯಲ್ಪ.

ಕರೆಂಟು ಹೋದಾಗ ತೆರೆದುಕೊಳ್ಳುವುದು ದೋಷವಲ್ಲ, ಮ್ಯಾಗ್ನೆಟಿಕ್ ಲಾಕಿನ ಸ್ವಭಾವವೇ ಅದು. ಅದಕ್ಕೆ ಬ್ಯಾಟರಿ ಬೇಕು. ಆದರೆ ಈಗಿರುವ ಸಪ್ಲೈಗೆ ಬ್ಯಾಟರಿಯನ್ನು ನೇರವಾಗಿ ಸಿಕ್ಕಿಸಬೇಡಿ. ಬ್ಯಾಟರಿಗೆಂದೇ ಬೇರೆ ಟರ್ಮಿನಲ್ ಇರುವ, ಅದನ್ನು 13.8 ವೋಲ್ಟಿನ ಆಸುಪಾಸಿನಲ್ಲಿ ಚಾರ್ಜ್ ಮಾಡಿಟ್ಟುಕೊಳ್ಳುವ ಸಪ್ಲೈಗಳು ಸಿಗುತ್ತವೆ. 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಹೊಸದಿದ್ದಾಗ ತಮ್ಮ ಹೊರೆಯನ್ನು ಎಂಟು ಗಂಟೆಯಾದರೂ ತಡೆಯಬೇಕು. ಹಳತಾದಂತೆ ಇದು ಇಳಿಯುತ್ತದೆ.

ಗ್ರಿಲ್ ವರ್ಕ್ಸ್ (ಉತ್ತರ)

ಎಳೆದರೆ ಬಿಟ್ಟುಕೊಡುವುದಕ್ಕೆ ವೋಲ್ಟೇಜ್ ಒಂದೇ ಕಾರಣವಾಗಿರಲಾರದು. ಗ್ರಿಲ್ ಬಾಗಿಲಿಗೆ ಈ ಲಾಕ್ ಹಾಕುವಾಗ, ಬಾಗಿಲಿನ ಕಡೆ ಬರುವ ಕಬ್ಬಿಣದ ಪಟ್ಟಿಯನ್ನು ನಮ್ಮವರು ಗಟ್ಟಿಯಾಗಿರಲೆಂದು ನೇರವಾಗಿ ವೆಲ್ಡ್ ಮಾಡಿಬಿಡುತ್ತಾರೆ. ಅದು ತಪ್ಪು. ಆ ಪಟ್ಟಿ ನಡುವಿನ ಒಂದೇ ಬೋಲ್ಟಿನ ಮೇಲೆ, ಹಿಂದೊಂದು ರಬ್ಬರ್ ವಾಷರ್ ಇಟ್ಟು, ಕೈಯಿಂದ ಒತ್ತಿದರೆ ತುಸು ಅಲುಗಾಡುವಂತೆ ಕೂರಬೇಕು. ಆಗ ಮಾತ್ರ ಬಾಗಿಲು ಸ್ವಲ್ಪ ಓರೆಯಾಗಿ ಬಂದರೂ ಪಟ್ಟಿ ತಾನಾಗಿ ಹೊಂದಿಕೊಂಡು ಮ್ಯಾಗ್ನೆಟ್ಟಿನ ಮುಖಕ್ಕೆ ಪೂರ್ತಿ ಅಂಟುತ್ತದೆ. ನಡುವೆ ಒಂದು ಕಾಗದದ ದಪ್ಪದಷ್ಟು ಸಂದು ಉಳಿದರೂ ಹಿಡಿತ ಗಣನೀಯವಾಗಿ ಕುಸಿಯುತ್ತದೆ. ಬಾಗಿಲು ಮುಚ್ಚಿದ ಮೇಲೆ ನಾಲ್ಕು ಮೂಲೆಗಳಲ್ಲೂ ಒಂದು ಕಾಗದದ ಚೂರನ್ನು ತೂರಿಸಲು ನೋಡಿ. ಯಾವ ಮೂಲೆಯಲ್ಲಾದರೂ ಒಳಗೆ ಹೋದರೆ ಪಟ್ಟಿ ಸರಿಯಾಗಿ ಕೂತಿಲ್ಲವೆಂದೇ ಲೆಕ್ಕ.

ಬಣ್ಣ ಹೊಡೆಯುವವರು ಬಂದಾಗಲೂ ಎಚ್ಚರವಿರಲಿ. ಗ್ರಿಲ್ಲಿನ ಜೊತೆಗೆ ಆ ಪಟ್ಟಿಗೂ ಬಣ್ಣ ಬಳಿದರೆ ಅದೇ ಒಂದು ಪದರವಾಗಿ ನಿಲ್ಲುತ್ತದೆ. ತುಕ್ಕು ಕಂಡರೆ ಉಪ್ಪುಕಾಗದದಿಂದ ಉಜ್ಜಬೇಡಿ, ತೆಳುವಾಗಿ ಎಣ್ಣೆ ಸವರಿ ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ನಿವಾಸಿಗಳ ಸಂಘದ ಕಾರ್ಯದರ್ಶಿ (ಉತ್ತರ)

ಮೇಲಿನವರು ಹೇಳಿದ ಬ್ಯಾಟರಿಯ ಮಾತು ಸರಿ, ಆದರೂ ಕಾವಲುಗಾರರಿಲ್ಲದ ಕಟ್ಟಡದ ಹೊರಬಾಗಿಲಿಗೆ ಮ್ಯಾಗ್ನೆಟಿಕ್ ಲಾಕೇ ಬೇಕೇ ಎಂಬುದನ್ನು ಮತ್ತೊಮ್ಮೆ ಯೋಚಿಸುವುದು ಒಳ್ಳೆಯದು. ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ವಿಡಿಯೋ ಡೋರ್ ಫೋನಿನ ಜೊತೆ ಹಾಕುವ ಎಲೆಕ್ಟ್ರಿಕ್ ರಿಮ್ ಲಾಕನ್ನು ತಾವು ನೋಡಿರಬಹುದು. ಅದು ನಾಲಿಗೆಯುಳ್ಳ ನಿಜವಾದ ಬೀಗ. ಕರೆಂಟು ಇಲ್ಲದಿದ್ದರೂ ಹಾಕಿಯೇ ಇರುತ್ತದೆ, ಹೊರಗಿನಿಂದ ಕೀಲಿಯಿಂದ ತೆರೆಯಬಹುದು, ಒಳಗಿನಿಂದ ಅದರ ಮೈಮೇಲಿರುವ ಗುಂಡಿಯನ್ನು ಒತ್ತಿದರೆ ಕರೆಂಟಿನ ಹಂಗಿಲ್ಲದೆ ತೆರೆಯುತ್ತದೆ. ಒಳಗಿನಿಂದ ಸುಲಭವಾಗಿ ತೆರೆಯುವಂತಿರುವುದು ಕೇವಲ ಅನುಕೂಲದ ಮಾತಲ್ಲ. ಹೊರಹೋಗುವ ಬಾಗಿಲನ್ನು ಒಳಗಿರುವವರು ಕೀಲಿಯಿಲ್ಲದೆ ತೆರೆಯುವಂತಿರಬೇಕೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೇಳುತ್ತದೆ, ಮತ್ತು ತಮ್ಮ ಎಂಟು ಮನೆಗಳಿಗೂ ಇರುವುದು ಅದೊಂದೇ ಮೆಟ್ಟಿಲು. ಮ್ಯಾಗ್ನೆಟಿಕ್ ಲಾಕನ್ನೇ ಉಳಿಸಿಕೊಳ್ಳುವುದಾದರೆ, ಒಳಗಿನ ಬಟನ್ ಕೀಪ್ಯಾಡಿನ ಮೂಲಕ ಕೆಲಸ ಮಾಡುವುದರಿಂದ ಕೀಪ್ಯಾಡ್ ಕೆಟ್ಟರೆ ಬಟನ್ನೂ ಕೆಟ್ಟಂತೆಯೇ. ಲಾಕಿಗೆ ಹೋಗುವ ತಂತಿಯನ್ನೇ ನೇರವಾಗಿ ಕಡಿಯುವ ಹಸಿರು ತುರ್ತು ಸ್ವಿಚ್ಚೊಂದನ್ನು ಒಳಗೆ ಹಾಕಲೇಬೇಕು.

ರಿಮ್ ಲಾಕ್ ಹಾಕಿದರೆ ಎರಡು ವ್ಯತ್ಯಾಸಗಳನ್ನು ಮರೆಯಬಾರದು. ಮ್ಯಾಗ್ನೆಟಿಕ್ ಲಾಕಿಗೆ ಯಾವಾಗಲೂ ಕರೆಂಟು ಬೇಕಾಗಿರುವುದರಿಂದ ಅದನ್ನು ರಿಲೇಯ ಎನ್‌ಸಿ (ರಿಲೇ ಸುಮ್ಮನಿದ್ದಾಗ ಕೂಡಿರುವ) ತಂತಿಗೆ ಜೋಡಿಸುತ್ತೇವೆ. ರಿಮ್ ಲಾಕಿಗೆ ತೆರೆಯುವಾಗ ಮಾತ್ರ ಬೇಕಾಗಿರುವುದರಿಂದ ಎನ್‌ಓ (ಸುಮ್ಮನಿದ್ದಾಗ ಬಿಟ್ಟಿರುವ) ತಂತಿಗೆ ಜೋಡಿಸಬೇಕು. ಎರಡನೆಯದಾಗಿ, ರಿಮ್ ಲಾಕ್ ಕ್ಷಣಮಾತ್ರ ಹೆಚ್ಚು ಕರೆಂಟು ಎಳೆಯುತ್ತದೆ, ಬಹಳ ಹೊತ್ತು ಕರೆಂಟು ಹರಿದರೆ ಅದರ ಸುರುಳಿ ಸುಡುತ್ತದೆ. ಆದ್ದರಿಂದ ಬಾಗಿಲು ತೆರೆದಿರುವ ಅವಧಿಯನ್ನು ಪ್ರೋಗ್ರಾಮಿನಲ್ಲಿ ಒಂದು ಸೆಕೆಂಡಿಗೆ ಇಳಿಸಿ. ಮ್ಯಾಗ್ನೆಟಿಕ್ ಆದರೆ ಐದು ಸೆಕೆಂಡು ಬೇಕಾಗುತ್ತದೆ, ಕೈಯಲ್ಲಿ ಚೀಲ ಹಿಡಿದು ಬರುವ ಹಿರಿಯರಿದ್ದರೆ ಏಳೆಂಟು.

ಕೋಡುಗಳ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಎಲ್ಲರಿಗೂ ಒಂದೇ ಕೋಡ್ ಇಡಬೇಡಿ. ಒಂದೇ ಕೋಡ್ ಎಂದರೆ ತಮ್ಮ ಹಳೆಯ ಕೀಲಿಯ ಸಮಸ್ಯೆಯನ್ನೇ ಹಣ ಕೊಟ್ಟು ಹೊಸದಾಗಿ ಕೊಂಡಂತೆ. ಜೊತೆಗೆ, ದಿನವೂ ಅವೇ ನಾಲ್ಕು ಗುಂಡಿಗಳನ್ನು ಎಲ್ಲರೂ ಒತ್ತಿದರೆ ಆ ಗುಂಡಿಗಳ ಮೇಲಿನ ಅಂಕಿಗಳು ಮಾತ್ರ ಸವೆದು, ಕೋಡಿನಲ್ಲಿ ಯಾವ ಅಂಕಿಗಳಿವೆಯೆಂಬುದು ದಾರಿಹೋಕರಿಗೂ ಕಾಣುತ್ತದೆ. ನಾಲ್ಕೂ ಬೇರೆ ಬೇರೆ ಅಂಕಿಗಳೆಂದು ತಿಳಿದವನಿಗೆ ಹತ್ತು ಸಾವಿರದ ಬದಲು ಇಪ್ಪತ್ತನಾಲ್ಕೇ ಸಾಧ್ಯತೆಗಳು ಉಳಿಯುತ್ತವೆ.

ಈ ಬಗೆಯ ಬಹುತೇಕ ಕೀಪ್ಯಾಡುಗಳಲ್ಲಿ ನಕ್ಷತ್ರದ ಗುಂಡಿ, ಮಾಸ್ಟರ್ ಕೋಡ್, ಹ್ಯಾಶ್ ಗುಂಡಿ ಈ ಕ್ರಮದಲ್ಲಿ ಒತ್ತಿದರೆ ಪ್ರೋಗ್ರಾಮಿಂಗ್ ತೆರೆದುಕೊಳ್ಳುತ್ತದೆ. ಮುಂದಿನ ಅಂಕಿಗಳು ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಪೆಟ್ಟಿಗೆಯಲ್ಲಿರುವ ಹಾಳೆಯನ್ನೇ ನೋಡಿ, ಅಂತರ್ಜಾಲದಲ್ಲಿ ಸಿಕ್ಕ ಬೇರೆ ಮಾದರಿಯ ಸೂಚನೆಯನ್ನಲ್ಲ. ಮೊಟ್ಟಮೊದಲು ಮಾಸ್ಟರ್ ಕೋಡನ್ನು ಬದಲಾಯಿಸಿ. ಕಾರ್ಖಾನೆಯಿಂದ ಬರುವಾಗ ಅದು 123456, 888888, 999999 ಇಂಥದ್ದೇ ಏನೋ ಆಗಿರುತ್ತದೆ, ಅದು ಎಲ್ಲರಿಗೂ ಗೊತ್ತು. ಅನಂತರ ಪ್ರತಿ ಬಳಕೆದಾರರಿಗೂ ಒಂದು ಕ್ರಮಸಂಖ್ಯೆ ಕೊಟ್ಟು ಕೋಡನ್ನೋ ಕಾರ್ಡನ್ನೋ ಸೇರಿಸುವಾಗ, ಆ ಸಂಖ್ಯೆಯನ್ನು ಮನಸ್ಸಿಗೆ ಬಂದಂತೆ ಕೊಡದೆ ಮನೆಯ ಸಂಖ್ಯೆಗೆ ಹೊಂದಿಸಿ: ಮೂರನೆಯ ಮನೆಯವರಿಗೆ 30ರಿಂದ 39, ನಾಲ್ಕನೆಯವರಿಗೆ 40ರಿಂದ 49, ಹೀಗೆ. ಮನೆಕೆಲಸದವರಿಗೆ, ಹಾಲು ಹಾಕುವವರಿಗೆ ಬೇರೆಯೇ ಸಂಖ್ಯೆಗಳಿರಲಿ. ಬಾಡಿಗೆಯವರು ಕಾರ್ಡು ಹಿಂದಿರುಗಿಸದೆ ಮನೆ ಖಾಲಿ ಮಾಡಿದರೂ, ಆ ಸಂಖ್ಯೆಯನ್ನು ಅಳಿಸಿದರೆ ಕಾರ್ಡು ಕೆಲಸಕ್ಕೆ ಬಾರದಂತಾಗುತ್ತದೆ. ಸಂಖ್ಯೆಗಳ ಪಟ್ಟಿಯನ್ನು ಒಂದು ಪುಸ್ತಕದಲ್ಲಿ ಬರೆದಿಡದಿದ್ದರೆ ಮಾತ್ರ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಕುವೆಂಪುನಗರ ನಿವಾಸಿ

ಮೂವರಿಗೂ ಧನ್ಯವಾದಗಳು. ಲಾಕಿನ ಟರ್ಮಿನಲ್ಲಿಗೆ ಡಯೋಡ್ ಹಾಕಿಸಿದೆವು; ಕೀಪ್ಯಾಡ್ ಈಗ ರೀಸ್ಟಾರ್ಟ್ ಆಗುತ್ತಿಲ್ಲ. ಕಾಗದದ ಪರೀಕ್ಷೆಯಲ್ಲಿ ಕೆಳಗಿನ ಎರಡು ಮೂಲೆಗಳಲ್ಲೂ ಕಾಗದ ಸಲೀಸಾಗಿ ಒಳಗೆ ಹೋಯಿತು. ಪಟ್ಟಿ ವೆಲ್ಡ್ ಆಗಿಯೇ ಇದೆ. ಸಭೆಯಲ್ಲಿ ಚರ್ಚಿಸಿ ರಿಮ್ ಲಾಕಿಗೆ ಬದಲಾಗುವುದೆಂದು ನಿರ್ಧರಿಸಿದ್ದೇವೆ. ಒಂದೇ ಸಂದೇಹ ಉಳಿದಿದೆ. ಕೀಪ್ಯಾಡ್ ಹೊರಗೋಡೆಯಲ್ಲಿದೆ, ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಮಳೆಯೂ ಹೊಡೆಯುತ್ತದೆ. ಯಾರಾದರೂ ಅದನ್ನು ಕಿತ್ತು ಹಿಂದಿನ ತಂತಿಗಳನ್ನು ಮುಟ್ಟಿಸಿದರೆ ಬಾಗಿಲು ತೆರೆಯಬಹುದೇ?

ವೈರಿಂಗ್ ಕೆಲಸದವ

ಖಂಡಿತ ತೆರೆಯಬಹುದು. ರಿಲೇ ಕೀಪ್ಯಾಡಿನ ಒಳಗೇ ಇರುವುದರಿಂದ ಲಾಕಿನ ತಂತಿಯೂ ಒಳಬಟನ್ನಿನ ತಂತಿಯೂ ಅದರ ಬೆನ್ನಿಗೇ ಬಂದಿರುತ್ತವೆ. ತಿಳಿದವನಿಗೆ ಒಂದು ಸ್ಕ್ರೂಡ್ರೈವರ್ ಸಾಕು. ಕಿತ್ತರೆ ಕೂಗುವ ಟ್ಯಾಂಪರ್ ಅಲಾರಂ ಅನೇಕ ಮಾದರಿಗಳಲ್ಲಿದ್ದರೂ ಅದು ಕೂಗುತ್ತದೆ ಅಷ್ಟೆ, ತಡೆಯುವುದಿಲ್ಲ. ತಮ್ಮ ಕೀಪ್ಯಾಡಿನಲ್ಲಿ ಹಸಿರು ಮತ್ತು ಬಿಳಿ ತಂತಿಗಳಿಗೆ ಡಿ0, ಡಿ1 ಎಂದು ಗುರುತಿದ್ದು, ಸೂಚನಾ ಹಾಳೆಯಲ್ಲಿ ವೀಗಂಡ್ ಔಟ್‌ಪುಟ್ (ಕೋಡನ್ನು ಬೇರೆ ಸಾಧನಕ್ಕೆ ಕಳಿಸುವ ಸಂಕೇತ) ಇದೆಯೆಂದು ಬರೆದಿದ್ದರೆ, ಮೀಟರ್ ಬೋರ್ಡಿನ ಪಕ್ಕದಲ್ಲಿ ಕೋಡನ್ನು ಪರೀಕ್ಷಿಸಿ ಲಾಕ್ ತೆರೆಯುವ, ಒಂದು ಬಾಗಿಲಿನ ಕಂಟ್ರೋಲರ್ ಹಾಕಿಸಿ ಕೀಪ್ಯಾಡನ್ನು ಬರೀ ರೀಡರ್ ಆಗಿ ಬಳಸಬಹುದು. ಆಗ ಹೊರಗೋಡೆಗೆ ಹೋಗುವುದು ಕರೆಂಟು ಮತ್ತು ಆ ಎರಡು ಸಂಕೇತದ ತಂತಿಗಳು ಮಾತ್ರ. ಬಾಗಿಲು ತೆರೆಯುವ ರಿಲೇ ಒಳಗೇ ಉಳಿಯುತ್ತದೆ. ಬಳಕೆದಾರರ ಪಟ್ಟಿಯೂ ಕಂಟ್ರೋಲರಿಗೆ ಹೋಗುವುದರಿಂದ ಕೋಡುಗಳನ್ನು ಹೊಸದಾಗಿ ಅಲ್ಲಿಯೇ ಸೇರಿಸಬೇಕಾಗುತ್ತದೆ; ಆದ್ದರಿಂದ ಇದನ್ನು ಮಾಡುವುದಿದ್ದರೆ ಎಂಟೂ ಮನೆಗಳ ಕೋಡು ಸೇರಿಸುವ ಮೊದಲೇ ಮಾಡಿ. ಕೀಪ್ಯಾಡಿಗೆ ಹೋಗುವ ಪ್ಲಸ್ ತಂತಿಗೆ ಒಳಗಡೆಯೇ ಒಂದು ಸಣ್ಣ ಫ್ಯೂಸ್ ಇರಲಿ, ಹೊರಗೆ ಯಾರಾದರೂ ಶಾರ್ಟ್ ಮಾಡಿದರೂ ಉಳಿದ ವ್ಯವಸ್ಥೆ ನಿಲ್ಲುವುದಿಲ್ಲ.

ರಿಮ್ ಲಾಕಿಗೆ ನಾನು ಹೇಳಿದ್ದ ಒಂದು ಚದರ ಮಿಲಿಮೀಟರ್ ಸಾಲದು, 1.5 ಎಳೆಸಿ. ಅದರ ಟರ್ಮಿನಲ್ಲಿಗೂ ಅದೇ ಡಯೋಡ್ ಬೇಕು.

ಮಳೆಗೆ, ಕೀಪ್ಯಾಡಿನ ಮೇಲಂಚಿಗೂ ಎರಡು ಪಕ್ಕಗಳಿಗೂ ಸಿಲಿಕೋನ್ ಹಚ್ಚಿ ಕೆಳಗಿನ ಅಂಚನ್ನು ತೆರೆದೇ ಬಿಡಿ, ಹೇಗೋ ಒಳಗೆ ಸೇರಿದ ನೀರಿಗೆ ಹೊರಹೋಗಲು ದಾರಿ ಬೇಕು. ಗೋಡೆಯಿಂದ ಬರುವ ತಂತಿಯನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಅನಂತರ ಮೇಲಕ್ಕೆ ತಂದು ಜೋಡಿಸಿದರೆ, ತಂತಿಗುಂಟ ಇಳಿಯುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಕನೆಕ್ಟರ್ ತನಕ ಬರುವುದಿಲ್ಲ.